ಕಾಂಪ್ಯಾಕ್ಟ್ ಫಿಲ್ಮ್ ಕ್ಯಾಮೆರಾ: ಖರೀದಿಗೆ ಮುನ್ನ ಒಂದಿಷ್ಟು ಲೆಕ್ಕಾಚಾರ

ಮಳೆಗೆ ನೆನೆದ ಸರಕಿನ ಛಾಯಾಚಿತ್ರವನ್ನು ವಿಮಾ ಕಂಪೆನಿಗೆ ಸಲ್ಲಿಸಲು, ತಯಾರಿಕೆಯ ಮಾದರಿಯನ್ನು ದೂರದ ಗ್ರಾಹಕನಿಗೆ ತೋರಿಸಲು 1990ರ ದಶಕದ ವರ್ತಕನಿಗೆ ಒದಗುತ್ತಿದ್ದುದು ಅಂಗೈಯಲ್ಲಿ ಹಿಡಿಸುವ 'ಪಾಯಿಂಟ್ ಅಂಡ್ ಶೂಟ್' ಫಿಲ್ಮ್ ಕ್ಯಾಮೆರಾ. ಇಂದು ಆ ಕೆಲಸವನ್ನು ಮೊಬೈಲ್ ಫೋನ್ ನಿರ್ವಹಿಸುತ್ತಿದೆ. ಕೋನಿಕಾ ಮಿನೋಲ್ಟಾ ಸಂಸ್ಥೆಯು 2006ರಲ್ಲಿ ಕ್ಯಾಮೆರಾ ಉದ್ಯಮದಿಂದಲೇ ನಿರ್ಗಮಿಸಿತು. 2012ರಲ್ಲಿ ಕೊಡಾಕ್ ದಿವಾಳಿ ರಕ್ಷಣೆಗೆ ಮೊರೆಹೋಯಿತು. ಆದಾಗ್ಯೂ ಯುವಜನರ ಆಸಕ್ತಿಯಿಂದಾಗಿ ಹಳೆಯ ಕ್ಯಾಮೆರಾಗಳಿಗೆ ಮತ್ತೆ ಬೇಡಿಕೆ ಕುದುರಿದೆ. ಕೊಳ್ಳುವವರೂ ಮಾರುವವರೂ ಕೆಲವು ಅಂಶಗಳನ್ನು ಗಮನಿಸುವುದು ಅವಶ್ಯ.

ಮೂರು ವರ್ಗಗಳು

ಯಾಷಿಕಾ ಎಂಎಫ್-2, ಕೊಡಾಕ್ ಕೆಬಿ-10 ಮುಂತಾದವು ಸ್ಥಿರ ಫೋಕಸ್ಸಿನವು. ರಚನೆ ಸರಳ, ಬೆಲೆ ಕಡಿಮೆ. ಆದರೆ ತೀರ ಸಮೀಪದ ವಸ್ತು ಸ್ಪಷ್ಟವಾಗಿ ಮೂಡದು. ಎರಡನೆಯದು ಒಲಿಂಪಸ್ ಮ್ಯೂ-2ರಂತಹ, ಸ್ವಯಂ ಫೋಕಸ್ ಹಾಗೂ ಎಫ್ 2.8 ಮಸೂರವುಳ್ಳ ವರ್ಗ. ಗುಣಮಟ್ಟ ಉತ್ತಮ, ಬೆಲೆಯೂ ಅಧಿಕ. ಮೂರನೆಯದಾದ ಜೂಮ್ ಕ್ಯಾಮೆರಾಗಳಲ್ಲಿ ಜೂಮ್ ಚಾಚಿದಷ್ಟೂ ಒಳಬರುವ ಬೆಳಕು ಕುಗ್ಗುತ್ತದೆ. ಆದ್ದರಿಂದ ಮಂಗಳೂರಿನ ಮಳೆಗಾಲದ ಮಬ್ಬಿನಲ್ಲಿ ಇವುಗಳಿಗೆ 400 ಐಎಸ್‌ಒ ಫಿಲ್ಮ್ ಸೂಕ್ತ.

ಪರೀಕ್ಷೆಯೇ ಭದ್ರತೆ

ಕರಾವಳಿಯ ತೇವಾಂಶದಲ್ಲಿ ಮಸೂರದೊಳಗೆ ಬೂಷ್ಟು ಬೆಳೆಯುವುದು ಸಾಮಾನ್ಯ. ಹಿಂಬದಿಯ ಮುಚ್ಚಳ ತೆರೆದು ಟಾರ್ಚ್ ಬೆಳಕಿನಲ್ಲಿ ಜೇಡರ ಬಲೆಯಂತಹ ಎಳೆಗಳಿವೆಯೇ ಎಂದು ನೋಡಬೇಕು. ಬೆಳಕು ತಡೆಯುವ ಸ್ಪಂಜಿನ ಪಟ್ಟಿ, ಬ್ಯಾಟರಿ ಕೋಣೆಯ ತುಕ್ಕು, ಫ್ಲಾಶ್, ಮೋಟರು ಇವುಗಳನ್ನೂ ಪರಿಶೀಲಿಸತಕ್ಕದ್ದು. ಎಲೆಕ್ಟ್ರಾನಿಕ್ ಸರ್ಕಿಟ್ ಕೆಟ್ಟರೆ ಬಿಡಿಭಾಗಗಳು ದೊರೆಯುವುದು ದುರ್ಲಭ. ಕೊಟ್ಟ ಹಣ ಬಹುತೇಕ ನಷ್ಟವೇ ಸರಿ. ಆದುದರಿಂದ ಒಂದು ರೋಲ್ ತೆಗೆದು ಸಂಸ್ಕರಿಸಿ ನೋಡುವವರೆಗೆ ಹಿಂದಿರುಗಿಸುವ ಷರತ್ತನ್ನು ಬರಹದಲ್ಲಿ ಪಡೆಯುವುದು ಲೇಸು. ಖರೀದಿಯ ಬಳಿಕ ಸಿಲಿಕಾ ಜೆಲ್ ಇರಿಸಿದ ಗಾಳಿಯಾಡದ ಡಬ್ಬಿಯಲ್ಲಿ ಕಾಪಾಡಬೇಕು. ವಿಮಾನ ನಿಲ್ದಾಣಗಳ ಹೊಸ ಸಿಟಿ ಸ್ಕ್ಯಾನರ್‌ಗಳು ಫಿಲ್ಮನ್ನು ಹಾಳುಗೆಡವಬಲ್ಲವು. ಗಲ್ಫ್ ಪ್ರಯಾಣಿಕರು ಕೈತಪಾಸಣೆಯನ್ನು ಕೋರಬೇಕು.

ನೈಜ ವೆಚ್ಚ

ಕ್ಯಾಮೆರಾದ ಬೆಲೆಯೊಂದೇ ವೆಚ್ಚವಲ್ಲ. ಉದಾಹರಣೆಗೆ, 6,000 ರೂ. ಕ್ಯಾಮೆರಾ 20 ರೋಲ್ ಬಾಳಿತೆಂದು ಭಾವಿಸಿದರೆ ರೋಲ್ ಒಂದಕ್ಕೆ 300 ರೂ. ತಗಲುತ್ತದೆ. ಫಿಲ್ಮಿಗೆ 800 ರೂ., ಸಂಸ್ಕರಣೆ ಮತ್ತು ಸ್ಕ್ಯಾನಿಂಗಿಗೆ 500 ರೂ. ಎಂದಿಟ್ಟುಕೊಂಡರೆ ಒಟ್ಟು 1,600 ರೂ. 36 ಚಿತ್ರಗಳಿಗೆ ಹಂಚಿದರೆ ಚಿತ್ರವೊಂದಕ್ಕೆ ಸುಮಾರು 44 ರೂ. ಆಗುತ್ತದೆ. 2024ರಲ್ಲಿ ಮಾರುಕಟ್ಟೆಗೆ ಬಂದ ಪೆಂಟಾಕ್ಸ್ 17 ಅರ್ಧ ಚೌಕಟ್ಟಿನ ಕ್ಯಾಮೆರಾ. ಅದರಲ್ಲಿ ಅದೇ ರೋಲಿನಿಂದ 72 ಚಿತ್ರಗಳು ಲಭ್ಯ. ಫಿಲ್ಮ್ ಮತ್ತು ಸಂಸ್ಕರಣೆಯ ಪಾಲು 36 ರೂ.ಗಳಿಂದ 18 ರೂ.ಗಳಿಗೆ ಇಳಿಯುತ್ತದೆ. ಆದರೆ ಹೊಸ ಕ್ಯಾಮೆರಾದ ಹೆಚ್ಚಿನ ಬೆಲೆಯನ್ನು ಎದುರಿಗಿಟ್ಟು ತೂಗಿ ನೋಡಬೇಕು.

ಲೆಕ್ಕಪತ್ರದಲ್ಲಿ

ಹವ್ಯಾಸಕ್ಕಾಗಿ ಕೊಂಡದ್ದನ್ನು ವ್ಯವಹಾರದ ಖರ್ಚೆಂದು ತೋರಿಸಲಾಗದು. ಅದು ಮಾಲೀಕರ ವೈಯಕ್ತಿಕ ಖಾತೆಗೆ ಸೇರತಕ್ಕದ್ದು. ವ್ಯವಹಾರಕ್ಕೆಂದೇ ಕೊಂಡಲ್ಲಿ, ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂ.ಗಳಿಗೆ ಮೀರಿ ನಗದು ಪಾವತಿಸಿದರೆ ಆದಾಯ ತೆರಿಗೆಯಲ್ಲಿ ಆ ಮೊತ್ತಕ್ಕೆ ಮಾನ್ಯತೆ ದೊರೆಯದು. ಹಳೆಯ ಕ್ಯಾಮೆರಾಗಳ ಮಾರಾಟವನ್ನೇ ವೃತ್ತಿಯಾಗಿಸಿಕೊಂಡ ನೋಂದಾಯಿತ ವರ್ತಕರು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲೆ ಮಾತ್ರ ಜಿಎಸ್‌ಟಿ ತೆರಲು ಅವಕಾಶವಿದೆ. ಇದಕ್ಕೆ ಪ್ರತಿ ಖರೀದಿಗೂ ಮಾರಿದವರ ಹೆಸರು, ವಿಳಾಸ, ಸಹಿಯುಳ್ಳ ರಶೀದಿ ಇರಿಸಿಕೊಳ್ಳುವುದು ಕ್ಷೇಮ.

ಮನೆಯ ಕಪಾಟಿನಲ್ಲಿ ಹಳೆಯ ಕ್ಯಾಮೆರಾ ಉಳಿದಿದ್ದರೆ, ಗುಜರಿಗೆ ಹಾಕುವ ಮುನ್ನ ಬ್ಯಾಟರಿ ತುಂಬಿ ಒಮ್ಮೆ ಪರೀಕ್ಷಿಸಿರಿ. ಹೊಸದಾಗಿ ಕೊಳ್ಳುವ ಅಗತ್ಯವೇ ಬಾರದಿರಬಹುದು.