ಕಾಳಿಯ ಕಲ್ಲಿನ ಮುಂದೆ

ಹದಿನೇಳು ವರ್ಷ ಸೇನೆಯಲ್ಲಿ ನಾಯಿಗಳ ಜೊತೆ ಕಳೆದವನು ನಾನು. ಮೀರತ್‌ನ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನಲ್ಲಿ ತರಬೇತಿ, ಆಮೇಲೆ ಕಾಶ್ಮೀರ. ನಸುಕಿನಲ್ಲಿ ಸೇನೆಯ ಗಾಡಿಗಳು ಹೊರಡುವ ಮೊದಲು ರಸ್ತೆಯಲ್ಲಿ ಬಾಂಬು ಹುಡುಕುವುದು ನಮ್ಮ ಕೆಲಸ. ನನ್ನ ಲ್ಯಾಬ್ರಡಾರ್ ಮುಂದೆ, ನಾನು ಹಿಂದೆ. ನಿವೃತ್ತಿಯ ದಿನ ಅದರ ಹಗ್ಗವನ್ನು ಇನ್ನೊಬ್ಬನ ಕೈಗೆ ಕೊಟ್ಟು ಊರಿಗೆ ಬಂದೆ.

ನನ್ನೂರು ಮದ್ದೂರು ತಾಲ್ಲೂಕಿನಲ್ಲಿದೆ. ಅಲ್ಲೇ ಹತ್ತಿರದ ಆತಕೂರಿನ ಶಾಸನವನ್ನು ನಾನು ಮೊದಲು ಕಂಡದ್ದು ಮಾತ್ರ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುತ್ತಿದ್ದವು. ಸುತ್ತಲಿದ್ದ ಅಕ್ಷರ ಒಂದೂ ತಿಳಿಯಲಿಲ್ಲ. ನನ್ನದೇ ಭಾಷೆ, ನನ್ನದೇ ಸೀಮೆ, ಓದಲಾಗಲಿಲ್ಲ. ಅದು ಬಹಳ ನೋಯಿಸಿತು. ಅದನ್ನು ಓದುವಂತಾಗಲು ಎಂ.ಎ. ಮಾಡಬೇಕೆಂದುಕೊಂಡೆ.

ಹದಿನೈದು ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದವರಿಗೆ ಪದವಿಗೆ ಸಮಾನವೆಂಬ ಪ್ರಮಾಣಪತ್ರ ಸಿಗುತ್ತದೆ. ಅದು ಸಿ ದರ್ಜೆಯ ಸರ್ಕಾರಿ ನೌಕರಿಗೆ ಅರ್ಹತೆ, ಎಂ.ಎ. ಸೀಟಿಗೆ ಅಲ್ಲ. ಇದನ್ನು ಮೊದಲೇ ಯಾರೂ ಬಿಡಿಸಿ ಹೇಳದ ಕಾರಣ ಒಂದು ವರ್ಷ ಕಳೆದುಕೊಂಡೆ. ಹೊರಡುವ ಸೈನಿಕರಿಗೆ ಇದನ್ನು ಹೇಳಲೇಬೇಕು. ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿದೆ, ಬಿ.ಎ. ದೂರಶಿಕ್ಷಣದಲ್ಲಿ ಮುಗಿಸಿದೆ, ಮೈಸೂರಿನ ಮಾನಸಗಂಗೋತ್ರಿಯ ಎಂ.ಎ. ತರಗತಿಗೆ ಬರುವಷ್ಟರಲ್ಲಿ ನಲವತ್ತೆರಡಾಗಿತ್ತು.

ಈಗ ಆ ಕಲ್ಲು ಹೇಳುವುದು ಗೊತ್ತು. ಶಕ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಎದುರಿಸಿದಾಗ ಗಂಗ ದೊರೆ ಬೂತುಗನ ಬಂಟ ಮಣಲೆರ ಶೌರ್ಯ ಮೆರೆದ. ಮೆಚ್ಚಿದ ಬೂತುಗ ಬೇಕಾದ್ದು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯೂ ಸಂದಿತು. ಗೆದ್ದ ಬಂಟನಿಗೆ ಕೊಡುವ ಭೂಮಿಗೆ ಆಗ ‘ಬಾಳ್ಗಚ್ಚು’ ಎನ್ನುತ್ತಿದ್ದರು. ರಕ್ತದ ಕತ್ತಿ ತೊಳೆದದ್ದಕ್ಕೆ ಕೊಟ್ಟ ದತ್ತಿ. ಹಲ್ಮಿಡಿ ಶಾಸನದಲ್ಲೂ ಅದೇ ಪದ್ಧತಿ ಇದೆ.

ನನ್ನ ಮೊದಲ ಪ್ರಬಂಧದಲ್ಲಿ ‘ಕಾಳಿ ಸತ್ತಾಗ ಮಣಲೆರ ಅತ್ತ’ ಎಂದು ಬರೆದಿದ್ದೆ. ಗುರುಗಳು ಕೆಂಪು ಗೆರೆ ಎಳೆದು, “ಎಲ್ಲಿದೆ ಇದು?” ಎಂದರು. ಕಲ್ಲಿನಲ್ಲಿ ಇರಲಿಲ್ಲ, ನನ್ನಲ್ಲಿತ್ತು. ಹೊಡೆದುಹಾಕಿದೆ.

ಅದೇ ಕಲ್ಲಿನಲ್ಲಿ ಬೂತುಗ ರಾಜಾದಿತ್ಯನನ್ನು ಕೊಂದನೆಂದು ಹೇಳುವ ಸಾಲಿನ ಜಗಳ ಇನ್ನೂ ದೊಡ್ಡದು. ಮೊದಲು ಓದಿದ ವಿದ್ವಾಂಸರು ಮೋಸದಿಂದ ಇರಿದ ಎಂದು ಅರ್ಥ ಮಾಡಿದರು. ಆಮೇಲಿನವರು ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಇರಿದ ಎಂದು ತಿದ್ದಿದರು. ನಡುವೆ ಇರುವುದು ಪದ ಬಿಡಿಸುವ ರೀತಿಯ ವ್ಯತ್ಯಾಸ ಮಾತ್ರ. ಯೋಧ ಬೂತುಗನ ಹೆಸರು ಸಾವಿರ ವರ್ಷದ ಮೇಲೂ ಅದರ ಮೇಲೆ ನಿಂತಿದೆ. ಅದಕ್ಕೇ ಹಳಗನ್ನಡ ವ್ಯಾಕರಣವನ್ನು ಬಂದೂಕು ಬಿಚ್ಚಿ ಜೋಡಿಸುವಷ್ಟು ಶ್ರದ್ಧೆಯಿಂದ ಕಲಿಯುತ್ತಿದ್ದೇನೆ.

ಹೋದ ತಿಂಗಳು ಮಗಳನ್ನು ಕೂರಿಸಿಕೊಂಡು ಆ ಶಾಸನದ ಪಡಿಯಚ್ಚಿನ ಚಿತ್ರವನ್ನು ಮುಂದೆ ಹರಡಿದೆ. ಬೆರಳಿಟ್ಟು ಸಾಲು ಸಾಲೇ ಹುಡುಕಿದೆವು. ‘ಕಾಳಿ’ ಎಂಬ ಎರಡಕ್ಷರವನ್ನು ಮೊದಲು ಕಂಡವಳು ಅವಳೇ.