ಭೂತಾನದ ಯಾಕ್ ಆಸ್ಕರ್‌ಗೆ ಹೋದದ್ದು ಹೇಗೆ?

ತರಗತಿಯ ಒಳಗೇ ಯಾಕ್ ಕಟ್ಟಿಹಾಕಿದ್ದಾರೆ. ಮೇಷ್ಟ್ರು ಪಾಠ ಮಾಡ್ತಿದ್ದಾರೆ, ಅದು ಸುಮ್ಮನೆ ನಿಂತಿದೆ. ಇದು ‘ಲುನಾನ: ಎ ಯಾಕ್ ಇನ್ ದ ಕ್ಲಾಸ್‌ರೂಮ್’. ಭೂತಾನದ 2019ರ ಸಿನಿಮಾ, ಭಾಷೆ ಜೊಂಗ್ಖಾ. ಹಿಮಾಲಯದ ಲುನಾನ ಅನ್ನೋ ಊರಿಗೆ ದಿನಗಟ್ಟಲೆ ನಡೀಬೇಕು. ಶೂಟಿಂಗ್ ನಡೆದದ್ದು ಸೋಲಾರ್ ಕರೆಂಟಿನಲ್ಲಿ. ಕ್ಲಾಸ್ ಲೀಡರ್ ಪಾತ್ರದ ಪುಟಾಣಿ ಹುಡುಗಿ ಅದೇ ಊರಿನವಳು.

ಸಿನಿಮಾ ಚೆನ್ನಾಗಿದ್ರೆ ಸಾಕಾ? ಎಲ್ಲಿ ಸಾಕು ಸ್ವಾಮಿ! ಆಸ್ಕರ್‌ನ ಅಂತಾರಾಷ್ಟ್ರೀಯ ವಿಭಾಗಕ್ಕೆ ಆಗ ಚಿತ್ರವನ್ನು ದೇಶವೇ ಕಳಿಸಬೇಕಿತ್ತು. ಅದಕ್ಕೆ ಅಕಾಡೆಮಿ ಒಪ್ಪಿದ ಆಯ್ಕೆ ಸಮಿತಿ ಬೇಕು. ಭೂತಾನದಲ್ಲಿ ಅಂಥದ್ದು ಇರಲೇ ಇಲ್ಲ! ಮೊದಲ ಸಲ ಚಿತ್ರ ಅನರ್ಹ. ಸಮಿತಿ ಕಟ್ಟಿಕೊಂಡು ಮರುವರ್ಷ ಮತ್ತೆ ಕಳಿಸಿದ್ರು. 2022ರಲ್ಲಿ ನಾಮನಿರ್ದೇಶನ, ಭೂತಾನಕ್ಕೆ ಮೊಟ್ಟಮೊದಲನೆಯದು.

ಪ್ರಶಸ್ತಿ ಜಪಾನಿನ ‘ಡ್ರೈವ್ ಮೈ ಕಾರ್’ ಪಾಲಾಯ್ತು, ಬಿಡಿ. ನಿರ್ದೇಶಕ ಪಾವೊ ಚೊಯ್ನಿಂಗ್ ದೋರ್ಜಿ ಅವರ ಮುಂದಿನ ಚಿತ್ರ ‘ದ ಮಾಂಕ್ ಆ್ಯಂಡ್ ದ ಗನ್’ ಕೂಡ ಭೂತಾನದ ಪರವಾಗಿ ಆಸ್ಕರ್‌ಗೆ ಹೋಯ್ತು.