ಲೋಳೆ ತುಂಬಿದ ಹೊಟ್ಟೆಗೆ ಬೇಸಿಂಗ್‌ಸ್ಟೋಕ್‌ನ ಚಿಕಿತ್ಸೆ

ಲಂಡನ್ನಿನಿಂದ ನೈರುತ್ಯಕ್ಕೆ, ರೈಲಿನಲ್ಲಿ ಒಂದು ತಾಸಿನೊಳಗೆ ಸಿಗುವ ಊರು ಬೇಸಿಂಗ್‌ಸ್ಟೋಕ್. ಅಲ್ಲಿನ ಸರ್ಕಾರಿ ಆಸ್ಪತ್ರೆ ಹೊರದೇಶಗಳ ವೈದ್ಯರಿಗೂ ಪರಿಚಿತವಾಗಿರುವುದು ಬಹಳ ಜನ ಹೆಸರೇ ಕೇಳಿರದ ಒಂದು ಕಾಯಿಲೆಯಿಂದಾಗಿ: ಸ್ಯೂಡೋಮಿಕ್ಸೋಮ ಪೆರಿಟೋನಿಯೈ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ, ಹೆಚ್ಚೆಂದರೆ ಮೂರ್ನಾಲ್ಕು ಮಂದಿಗೆ ಬರುವ ಹೊಟ್ಟೆಯ ಕ್ಯಾನ್ಸರ್ ಇದು.

ಇದರ ಮೂಲ ಹೆಚ್ಚಾಗಿ ಅಪೆಂಡಿಕ್ಸ್. ಅದರೊಳಗೆ ಲೋಳೆ ಸುರಿಸುವ ಗೆಡ್ಡೆ ಬೆಳೆದು, ಒಂದು ದಿನ ಅಪೆಂಡಿಕ್ಸ್ ಒಡೆಯುತ್ತದೆ. ಹೊರಬಿದ್ದ ಜೀವಕೋಶಗಳು ಹೊಟ್ಟೆಯೊಳಗಿನ ದ್ರವದೊಂದಿಗೆ ಹರಿದು ವಪೆಯ ಕೆಳಗೆ, ಕಿಬ್ಬೊಟ್ಟೆಯ ತಳದಲ್ಲಿ, ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪದರದಲ್ಲಿ ನೆಲೆಯೂರಿ ಲೋಳೆ ಸುರಿಸುತ್ತಲೇ ಇರುತ್ತವೆ. ಸದಾ ಅಲುಗಾಡುವ ಸಣ್ಣ ಕರುಳಿಗೆ ಮಾತ್ರ ಬಹುಕಾಲ ಅಂಟುವುದಿಲ್ಲ. ಶ್ವಾಸಕೋಶ, ಯಕೃತ್ತುಗಳ ಒಳಕ್ಕೆ ಹಬ್ಬುವುದೂ ಅಪರೂಪ. ಶಸ್ತ್ರಚಿಕಿತ್ಸಕರಿಗೆ ದಾರಿ ತೆರೆದಿರುವುದೇ ಇಲ್ಲಿ.

ಲಕ್ಷಣಗಳು ಮೋಸಗೊಳಿಸುವಂಥವು. ಹೊಟ್ಟೆ ನಿಧಾನವಾಗಿ ದಪ್ಪವಾಗುತ್ತದೆ, ಬೊಜ್ಜು ಎಂದುಕೊಳ್ಳುತ್ತಾರೆ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಕೆಲವು ಗಂಡಸರಲ್ಲಿ ಹರ್ನಿಯಾ ಆಪರೇಷನ್ ಮಾಡುವಾಗ, ಹೆಂಗಸರಲ್ಲಿ ಅಂಡಾಶಯದ ಗೆಡ್ಡೆಯೆಂದು ಪರೀಕ್ಷಿಸುವಾಗ ಲೋಳೆ ಪತ್ತೆಯಾಗುತ್ತದೆ. ಸಿ.ಟಿ. ಸ್ಕ್ಯಾನ್, ಬಯಾಪ್ಸಿ, ಸಿಇಎ ಮುಂತಾದ ರಕ್ತಪರೀಕ್ಷೆಗಳಿಂದ ರೋಗದ ಸ್ವರೂಪ ತಿಳಿಯುತ್ತದೆ.

ನಟಿ ಆಡ್ರೆ ಹೆಪ್‌ಬರ್ನ್ ಯೂನಿಸೆಫ್ ರಾಯಭಾರಿಯಾಗಿ ಸೊಮಾಲಿಯಾಕ್ಕೆ ಹೋಗಿದ್ದು 1992ರಲ್ಲಿ. ಹಿಂದಿರುಗಿದ ಮೇಲೆ ಹೊಟ್ಟೆನೋವು ಬಿಡಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆದಾಗ ಅಪೆಂಡಿಕ್ಸ್‌ನಲ್ಲಿ ಹುಟ್ಟಿದ ಕ್ಯಾನ್ಸರ್ ಹಬ್ಬಿದ್ದು ಕಂಡಿತು. 1993ರ ಜನವರಿಯಲ್ಲಿ ಆಕೆ ತೀರಿಕೊಂಡರು.

ಅದೇ ಕಾಲದಲ್ಲಿ ವಾಷಿಂಗ್ಟನ್ನಿನ ಡಾ. ಪಾಲ್ ಶುಗರ್‌ಬೇಕರ್ ಹೊಸ ವಿಧಾನವೊಂದನ್ನು ಬೆಳೆಸುತ್ತಿದ್ದರು. ಬೇಸಿಂಗ್‌ಸ್ಟೋಕ್‌ನಲ್ಲಿ ಡಾ. ಬ್ರೆಂಡನ್ ಮೋರನ್ ತಂಡ 1994ರಲ್ಲಿ ಅದನ್ನು ಕೈಗೆತ್ತಿಕೊಂಡಿತು. ಹತ್ತು ತಾಸಿನಷ್ಟು ಹಿಡಿಯಬಲ್ಲ ಈ ಆಪರೇಷನ್‌ನಲ್ಲಿ ಹೊಟ್ಟೆಯ ಒಳಪೊರೆಯನ್ನು ರೋಗವಿರುವಷ್ಟೂ ಸುಲಿದು ತೆಗೆಯುತ್ತಾರೆ; ಅಗತ್ಯಬಿದ್ದರೆ ಗುಲ್ಮ, ಪಿತ್ತಕೋಶ, ದೊಡ್ಡ ಕರುಳಿನ ಭಾಗ, ಗರ್ಭಕೋಶ, ಅಂಡಾಶಯಗಳನ್ನೂ. ಆಮೇಲೆ 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡಿದ ಕಿಮೊಥೆರಪಿ ಔಷಧವನ್ನು, ಸಾಮಾನ್ಯವಾಗಿ ಮೈಟೊಮೈಸಿನ್, ಒಂದು ತಾಸಿನಷ್ಟು ಹೊಟ್ಟೆಯೊಳಗೆ ಹರಿಸುತ್ತಾರೆ. ಇದೇ ಹೈಪೆಕ್. ಕಣ್ಣಿಗೆ ಕಾಣದೆ ಉಳಿದ ಜೀವಕೋಶಗಳೇ ಅದರ ಗುರಿ.

2014ರವರೆಗೆ ಅಲ್ಲಿ ಅಪೆಂಡಿಕ್ಸ್ ಗೆಡ್ಡೆಗಾಗಿ ಶಸ್ತ್ರಚಿಕಿತ್ಸೆ ಪಡೆದ 1000 ರೋಗಿಗಳ ವರದಿ ಪ್ರಕಟವಾಗಿದೆ. ಸುಮಾರು ಮುಕ್ಕಾಲು ಪಾಲು ಜನರಲ್ಲಿ ರೋಗವನ್ನು ಪೂರ್ತಿ ತೆಗೆಯಲಾಗಿತ್ತು; ಅವರಲ್ಲಿ ಹತ್ತು ವರ್ಷ ಬದುಕಿದವರ ಪ್ರಮಾಣ ಸುಮಾರು ಶೇ 70. ಪೂರ್ತಿ ತೆಗೆಯಲಾಗದವರಲ್ಲಿ ಅದು ಶೇ 10ಕ್ಕೂ ಕಡಿಮೆ.

ಎಲ್ಲರಿಗೂ ಇಷ್ಟು ದೊಡ್ಡ ಆಪರೇಷನ್ ಬೇಕಾಗಿಲ್ಲ, ಎಲ್ಲರ ದೇಹ ಅದನ್ನು ತಾಳುವುದೂ ಇಲ್ಲ. ಒಡೆಯದ, ಮಂದಗತಿಯ ಗೆಡ್ಡೆಯಾದರೆ ಅಪೆಂಡಿಕ್ಸ್ ತೆಗೆದು ಸ್ಕ್ಯಾನ್ ಮೂಲಕ ನಿಗಾ ಇಡಬಹುದು. ಪೂರ್ತಿ ತೆಗೆಯಲಾಗದಿದ್ದರೆ ಸಾಧ್ಯವಾದಷ್ಟು ಲೋಳೆ ತೆಗೆದು ಬಾಧೆ ಇಳಿಸುತ್ತಾರೆ. ಉಗ್ರ ಸ್ವರೂಪದ ರೋಗಕ್ಕೆ ರಕ್ತನಾಳದ ಮೂಲಕವೂ ಕಿಮೊಥೆರಪಿ ಕೊಡುವುದುಂಟು.

ಬೆಂಗಳೂರಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲೂ ಈಗ ಹೈಪೆಕ್ ಲಭ್ಯವಿದೆ. ಬೇರೆ ಆಪರೇಷನ್ ವೇಳೆ ಹೊಟ್ಟೆಯಲ್ಲಿ ಲೋಳೆ ಕಂಡರೆ ಅಪೆಂಡಿಕ್ಸ್ ಮತ್ತು ಲೋಳೆಯ ಬಯಾಪ್ಸಿ ವರದಿ, ಸಿ.ಟಿ. ಚಿತ್ರಗಳ ಸಮೇತ ಇಂಥ ಅನುಭವಿ ತಂಡವನ್ನು ಬೇಗ ಕಾಣಬೇಕು. ಅರೆಬರೆ ಆಪರೇಷನ್‌ಗಳು ಪದೇ ಪದೇ ನಡೆದಷ್ಟೂ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ.